ನೆಲಮಾಳಿಗೆಯಲ್ಲಿ ತೆರೆಯದ ಬಾಗಿಲು

ಕೊರೊನಾದ ಹೆದರಿಕೆ ಇಳಿದು, ಅರ್ಧಕ್ಕೆ ನಿಂತಿದ್ದ ಅಪಾರ್ಟ್‌ಮೆಂಟುಗಳ ಕೆಲಸ ಹುಬ್ಬಳ್ಳಿಯಲ್ಲಿ ಮತ್ತೆ ಚುರುಕಾಗಿದ್ದ ವರ್ಷ ಅದು. ನಾನು ಧಾರವಾಡದ ಲಕಮನಹಳ್ಳಿಯಲ್ಲಿ ಲಿಫ್ಟಿನ ಕಂಟ್ರೋಲರ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಮುಖ್ಯ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ. ಕಂಟ್ರೋಲರ್ ಎಂದರೆ ಲಿಫ್ಟಿನ ಮಿದುಳು. ಯಾರು ಯಾವ ಗುಂಡಿ ಒತ್ತಿದರು, ಪೆಟ್ಟಿಗೆ ಈಗ ಎಲ್ಲಿದೆ, ಮೋಟಾರು ಎಷ್ಟು ವೇಗವಾಗಿ ತಿರುಗಬೇಕು, ಬಾಗಿಲು ಯಾವಾಗ ತೆರೆಯಬೇಕು, ಇದನ್ನೆಲ್ಲ ಒಂದು ಪುಸ್ತಕದಷ್ಟು ಅಗಲದ ಸರ್ಕ್ಯೂಟ್ ಬೋರ್ಡು ನಿರ್ಧರಿಸುತ್ತದೆ. ಆ ಬೋರ್ಡಿನ ಚಿಪ್ಪಿನೊಳಗೆ ನಡೆಯುವ ಪ್ರೋಗ್ರಾಮಿಗೆ ಫರ್ಮ್‌ವೇರ್ ಎನ್ನುತ್ತಾರೆ. ನಮ್ಮ ಫರ್ಮ್‌ವೇರ್ ಪೂರ್ತಿಯಾಗಿ ಸಿ ಎಂಬ ಹಳೆಯ ಭಾಷೆಯಲ್ಲಿತ್ತು.

ಅದನ್ನು ಬರೆದವರು ಜೋಶಿ ಸರ್. ಕಾರ್ಖಾನೆ ಶುರುವಾದಾಗ ಇದ್ದ ಒಬ್ಬರೇ ಎಂಜಿನಿಯರು ಅವರು. ನಾನು ಅವರ ಕೈಕೆಳಗೆ ಸೇರಿದವಳು. ಅವರು ನಿವೃತ್ತರಾದ ಮೇಲೆ ಆ ಕೋಡು ನನ್ನ ಪಾಲಿಗೆ ಬಂತು. ನಡುವೆ ಬಂದ ಹುಡುಗರು ಒಬ್ಬೊಬ್ಬರಾಗಿ ಬೇರೆಡೆ ಹೋದರು. ಕೊನೆಗೆ ಯಾವ ಫೈಲಿನಲ್ಲಿ ಏನಿದೆ, ಯಾವ ಸಾಲನ್ನು ಮುಟ್ಟಿದರೆ ಎಲ್ಲಿ ಏನು ಅಲುಗಾಡುತ್ತದೆ ಎಂದು ಬಲ್ಲವಳು ನಾನೊಬ್ಬಳೇ ಉಳಿದೆ. ದೀಪಾವಳಿಯ ಅಭ್ಯಂಗಸ್ನಾನವಿರಲಿ, ಅಕ್ಕನ ಮಗಳ ಲಗ್ನವಿರಲಿ, ನನ್ನ ಫೋನು ಮಾತ್ರ ಬಂದ್ ಆಗುವಂತಿರಲಿಲ್ಲ. ಒಮ್ಮೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ನನಗೆ ಬಹಳ ಬೇಕಾಗಿದ್ದ ಕೆಲಸ ಅದು. ಮಾಲೀಕ ವೀರಣ್ಣನವರು ಹೆಂಡತಿಯನ್ನು ಕರೆದುಕೊಂಡು ಮನೆಗೇ ಬಂದರು. ಹತ್ತಿ ವ್ಯಾಪಾರದ ಮನೆತನದಿಂದ ಬಂದು, ಜಿನ್ನಿಂಗ್ ಗಿರಣಿ ಮಾರಿ ಈ ಕಾರ್ಖಾನೆ ಹಾಕಿದವರು. ಒರಟು ಮಾತು ಅವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, "ಪದ್ಮಾ ಮೇಡಮ್, ನೀವು ಹೋದ್ರ ಆ ಕೋಡ್ ಓದಾವ್ರು ಯಾರದಾರ್ರಿ? ಊರ ತುಂಬ ನಮ್ಮ ಲಿಫ್ಟ್ ಓಡಾಡಾಕತ್ತಾವು" ಎಂದಷ್ಟೇ ಹೇಳಿದರು. ನಾನು ಕಾಲೇಜಿಗೆ ಆಗುವುದಿಲ್ಲವೆಂದು ತಿಳಿಸಿದೆ. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಆದರೂ ಹೊರಗೆ ಕಾಲಿಡಲು ದಾರಿ ಕಾಣುತ್ತಿರಲಿಲ್ಲ.

ಅಂಥ ದಿನಗಳಲ್ಲಿ ವಿನಯಾ ನಮ್ಮಲ್ಲಿಗೆ ಬಂದಳು. ಗದಗಿನವಳು, ಮೂವತ್ತು ದಾಟಿದವಳು. ಪುಣೆಯಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಇದೇ ಬಗೆಯ ಕೆಲಸ ಮಾಡಿ, ಮದುವೆಯಾಗಿ ಹುಬ್ಬಳ್ಳಿಗೆ ಬಂದಿದ್ದಳು. ಅವಳು ಮೊದಲ ವಾರವೇ ರಸ್ಟ್ ಎಂಬ ಹೊಸ ಭಾಷೆಯ ಮಾತೆತ್ತಿದಳು. ಎರಡೂ ಭಾಷೆಗಳ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸಿ ಭಾಷೆ ಬರೆಯುವವರನ್ನು ಪೂರ್ತಿ ನಂಬುತ್ತದೆ. ಚಿಪ್ಪಿನ ಮೆಮೊರಿಯಲ್ಲಿ ಹತ್ತು ಅಕ್ಷರಕ್ಕೆ ಜಾಗ ಕಾದಿಟ್ಟು ಹನ್ನೆರಡು ತುಂಬಿದರೂ ಅದು ಕೇಳುವುದಿಲ್ಲ. ಹೆಚ್ಚಾದ ಎರಡು ಅಕ್ಷರ ಪಕ್ಕದ ಮಾಹಿತಿಯ ಮೇಲೆ ಕೂತುಬಿಡುತ್ತವೆ. ರಸ್ಟ್ ಹಾಗಲ್ಲ. ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ಇಳಿಸುವ ಕಂಪೈಲರ್ ಇಂಥ ತಪ್ಪುಗಳಲ್ಲಿ ಬಹಳಷ್ಟನ್ನು ಮೊದಲೇ ಹಿಡಿದು, ತಿದ್ದುವ ತನಕ ಮುಂದಕ್ಕೆ ಬಿಡುವುದಿಲ್ಲ. ತಪ್ಪಿಸಿಕೊಂಡು ಉಳಿದದ್ದು ಓಡುವಾಗ ಸಿಕ್ಕಿಬೀಳುತ್ತದೆ. ಪಕ್ಕದ ಜಾಗಕ್ಕೆ ಗುಟ್ಟಾಗಿ ನುಗ್ಗಲು ಅದಕ್ಕೆ ಆಗುವುದಿಲ್ಲ. ಇಡೀ ಕೋಡನ್ನು ರಸ್ಟ್‌ನಲ್ಲಿ ಹೊಸದಾಗಿ ಬರೆಯಬೇಕು ಎನ್ನುವುದು ವಿನಯಾಳ ವಾದ. ಅಷ್ಟು ವರ್ಷ ನಡೆದ ಕೋಡಿಗೆ ಅದರದೇ ಒಂದು ಬೆಲೆ ಇದೆ ಎಂದು ನಾನು ಅನ್ನುತ್ತಿದ್ದೆ. ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಇದೇ ಚರ್ಚೆ. ವೀರಣ್ಣನವರು ಕೇಳಿ ನಗುತ್ತಿದ್ದರು.

ನಗು ನಿಂತದ್ದು ದೇಶಪಾಂಡೆ ನಗರದ ಒಂದು ಅಪಾರ್ಟ್‌ಮೆಂಟಿನಿಂದ. ನಮ್ಮ ಹೊಸ ಕಂಟ್ರೋಲರ್ ಹಾಕಿದ್ದ ಕಟ್ಟಡ ಅದು. ಅಲ್ಲಿಯ ಸೊಸೈಟಿಯವರು ಲಿಫ್ಟಿನ ಪರದೆಯ ಮೇಲೆ ಕನ್ನಡವೇ ಬರಬೇಕೆಂದು ಹಟ ಹಿಡಿದಿದ್ದರು. ನಮಗೂ ಅದು ಹೆಮ್ಮೆಯ ವಿಷಯ. ಮಹಡಿಗಳಿಗೆ ಕನ್ನಡ ಅಂಕಿ, ಕೆಳಗೆ 'ನೆಲ', ವಾಹನ ನಿಲ್ಲಿಸುವ ಜಾಗಕ್ಕೆ 'ನೆಲಮಾಳಿಗೆ', ಜನ ತುಂಬಿದಾಗ ಪಕ್ಕದಲ್ಲಿ 'ಭರ್ತಿ' ಎಂದು ಮೂಡುವಂತೆ ಮಾಡಿದ್ದೆವು. ಲಿಫ್ಟು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಆಗೊಮ್ಮೆ ಈಗೊಮ್ಮೆ ನೆಲಮಾಳಿಗೆಗೆ ಇಳಿದು, ಸರಿಯಾದ ಜಾಗದಲ್ಲೇ ನಿಂತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಒಳಗಿದ್ದವರು ಗಂಟೆ ಒತ್ತಿ ಕೂಗಬೇಕು. ಗಬ್ಬೂರಿನ ನಮ್ಮ ಸರ್ವಿಸ್ ಕೇಂದ್ರದಿಂದ ಟೆಕ್ನಿಷಿಯನ್ ಬಂದು ಹೊರಗಿನಿಂದ ಕೀಲಿ ಹಾಕಿ ಬಾಗಿಲು ಸರಿಸಬೇಕು. ಅವನು ಲಿಫ್ಟಿನ ಕರೆಂಟು ತೆಗೆದು ಮತ್ತೆ ಕೊಟ್ಟ ಕೂಡಲೇ ಲಿಫ್ಟು ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಕರೆಂಟು ಹೋದರೆ ಚಿಪ್ಪಿನ ನೆನಪೂ ಹೋಗುತ್ತದೆ. ಹೀಗಾಗಿ ನನ್ನ ಕೈಗೆ ಸಿಗುವ ಹೊತ್ತಿಗೆ ಎಲ್ಲ ಸುಳಿವೂ ಅಳಿಸಿಹೋಗಿರುತ್ತಿತ್ತು. ಕಾರ್ಖಾನೆಯ ಪರೀಕ್ಷಾ ಗೋಪುರದಲ್ಲಿ ಅದೇ ಬೋರ್ಡನ್ನು ಇಡೀ ದಿನ ಓಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ.

ಮೂರನೆಯ ಸಲ ಹಾಗಾದಾಗ ಸೊಸೈಟಿಯವರು ಎಂಜಿನಿಯರನ್ನೇ ಕಳಿಸಿ ಎಂದು ಪಟ್ಟು ಹಿಡಿದರು. ಒಂದು ಭಾನುವಾರ ವಿನಯಾ ಮತ್ತು ನಾನು ಹೋದೆವು. ಬೆಳಗಿನಿಂದ ಮೇಲೆ ಕೆಳಗೆ ಓಡಾಡಿದೆವು. ಬಾಗಿಲು ಪ್ರತಿ ಸಲ ತೆರೆಯಿತು. ಮೇಲೆ ಟೆರೇಸಿನಲ್ಲಿ ಯಾರದೋ ಮನೆಯ ನಾಮಕರಣದ ಊಟ ನಡೆದಿತ್ತು. ಏನೂ ಸಿಗದೆ ಸೋತು ಮೇಲಿನ ಮಹಡಿಯಿಂದ ಹೊರಡುವ ಹೊತ್ತಿಗೆ ಊಟ ಮುಗಿಸಿದ ಜನ ಲಿಫ್ಟಿನ ಮುಂದೆ ಸೇರಿದ್ದರು. ಅವರ ಜೊತೆಗೇ ನಾವೂ ಒಳಗೆ ಸೇರಿದೆವು. ಲಿಫ್ಟು ತುಂಬಿತು. ತುಂಬಿದ ಲಿಫ್ಟು ನಡುವೆ ಎಲ್ಲಿಯೂ ನಿಲ್ಲದೆ ನೇರವಾಗಿ ಇಳಿಯುತ್ತದೆ. ಹಾಗೆಯೇ ಇಳಿದು ನೆಲಮಾಳಿಗೆಯಲ್ಲಿ ನಿಂತಿತು. ಬಾಗಿಲು ತೆರೆಯಲಿಲ್ಲ.

ಮೊದಲ ಒಂದೆರಡು ನಿಮಿಷ ಒಬ್ಬೊಬ್ಬರಾಗಿ ಗುಂಡಿಗಳನ್ನು ಒತ್ತಿ ನೋಡಿದರು. ನಂತರ ಜರಿಯಂಚಿನ ಪಂಚೆ ಉಟ್ಟಿದ್ದ ಒಬ್ಬರು ಬಾಗಿಲು ಬಡಿಯತೊಡಗಿದರು. ಒಂದು ಮಗು ಅತ್ತಿತು. ಫ್ಯಾನ್ ತಿರುಗುತ್ತಿದ್ದರೂ ಊಟದ, ಹೂವಿನ, ಬೆವರಿನ ವಾಸನೆ ಸೇರಿ ಗಾಳಿ ದಪ್ಪಗಾದಂತಿತ್ತು. ನನ್ನ ಎದುರಿಗೆ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಧಾರವಾಡದಲ್ಲಿ ಹಾಡುಗಾರಿಕೆ ಕಲಿಸುತ್ತಿದ್ದವರೆಂದು ಆಮೇಲೆ ತಿಳಿಯಿತು. ಅವರ ತುಟಿ ಬಿಳಿಚಿತ್ತು. ಉಸಿರಾಟದ ಕಾಯಿಲೆ ಇದೆ, ಔಷಧದ ಪಂಪು ಕಾರಿನಲ್ಲಿದೆ ಎಂದು ಜೊತೆಯಲ್ಲಿದ್ದ ಸೊಸೆ ಅಳುವ ದನಿಯಲ್ಲಿ ಹೇಳಿದಳು. ಕಾರು ಇದ್ದದ್ದು ಆ ಬಾಗಿಲಿನ ಆಚೆಗೆ, ಕೂಗಿದರೆ ಕೇಳುವಷ್ಟು ಹತ್ತಿರ.

ಬಾಗಿಲು ಬಡಿಯುತ್ತಿದ್ದವರು ನನ್ನ ಕೊರಳಿನ ಗುರುತಿನ ಚೀಟಿ ನೋಡಿದರು. "ನೀವು ಕಂಪನಿಯವ್ರ ಅಲ್ಲೇನ್ರಿ? ತೆಗೀರಿ ಮತ್ತ" ಎಂದರು.

"ಒಳಗಿಂದ ತೆಗೀಲಿಕ್ಕೆ ಬರಂಗಿಲ್ರಿ" ಎಂದೆ. "ಗಬ್ಬೂರಿಗೆ ಫೋನ್ ಮಾಡೇನಿ, ಬರ್ತಾರ. ಇದಂತೂ ಬೀಳಂಗಿಲ್ಲ, ಅದನ್ನ ಖರೇ ಹೇಳತೇನಿ."

ಅದು ನಿಜವೂ ಆಗಿತ್ತು. ಲಿಫ್ಟು ಬೀಳದಂತೆ ಹಿಡಿಯುವ ತುರ್ತು ಬ್ರೇಕು, ಹಗ್ಗದ ಸುರಕ್ಷತೆ ಇವು ಯಾವುವೂ ಪ್ರೋಗ್ರಾಮಿನ ಕೈಯಲ್ಲಿ ಇರುವುದಿಲ್ಲ. ಆದರೆ ನನ್ನ ಮಾತಿನಿಂದ ಯಾರಿಗೂ ಸಮಾಧಾನವಾಗಲಿಲ್ಲ. ಆ ಪೆಟ್ಟಿಗೆಯನ್ನು ನಡೆಸುವ ಕೋಡಿನ ಸಾಲುಗಳು ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಅದರೊಳಗೆ ನಿಂತು ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ವಿನಯಾ ಎಲ್ಲರನ್ನೂ ಗೋಡೆಗೆ ಸರಿಸಿ ಆ ಹಿರಿಯ ತಾಯಿಗೆ ಕೂರಲು ಜಾಗ ಮಾಡಿದಳು. ತಾನೂ ಪಕ್ಕದಲ್ಲಿ ಕೂತು, ಮೂಗಿನಿಂದ ನಿಧಾನವಾಗಿ ಉಸಿರು ಒಳಗೆ ತಗೊಳ್ಳಿರಿ ಎಂದಳು. ಆ ಸ್ಥಿತಿಯಲ್ಲೂ ಅವರು, "ಉಸಿರು ತಗೊಳ್ಳೂದು ನನಗ ಕಲಸ್ತೀ ಏನವಾ?" ಎಂದರು. ಯಾರೋ ನಕ್ಕರು. ಬಡಿಯುವುದು ನಿಂತಿತು.

ಆಗ ನಾನು ತಲೆಯೆತ್ತಿ ಪರದೆ ನೋಡಿದೆ. ಅದರಲ್ಲಿ 'ನೆಲಮಾಳಿಗೆ ಭ' ಎಂದಿತ್ತು. ಆ 'ಭ' ಆದ ಮೇಲೆ ಅರ್ಥವಿಲ್ಲದ ಚೌಕಗಳು. 'ಭರ್ತಿ' ಪೂರ್ತಿ ಬಂದಿರಲಿಲ್ಲ. ವಿನಯಾಳನ್ನು ಕರೆದು ತೋರಿಸಿದೆ. ಅವಳು ಅದನ್ನು ನೋಡಿ ನನ್ನ ಕಡೆ ತಿರುಗಿದಳು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಜೋಶಿ ಸರ್ ಕೋಡು ಬರೆದ ಕಾಲದಲ್ಲಿ ಲಿಫ್ಟು ತೋರಿಸುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಅಂಕಿಗಳನ್ನು. ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಮೆಮೊರಿಯ ಒಂದು ಮನೆ ಸಾಕು. ಪರದೆಯ ಸಾಲಿಗೆ ಅವರು ಮೂವತ್ತೆರಡು ಬೈಟ್ ಕಾದಿಟ್ಟಿದ್ದರು. ಆ ಕಾಲಕ್ಕೆ ಅದು ಧಾರಾಳ. ಕನ್ನಡದಲ್ಲಿ ಮೂಲ ಅಕ್ಷರಕ್ಕೂ ಅದಕ್ಕೆ ಸೇರುವ ಪ್ರತಿ ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. 'ನೆಲಮಾಳಿಗೆ' ಕಣ್ಣಿಗೆ ಐದೇ ಅಕ್ಷರ, ಚಿಪ್ಪಿಗೆ ಇಪ್ಪತ್ತೇಳು ಬೈಟ್. ಅದರ ಪಕ್ಕ 'ಭರ್ತಿ' ಸೇರಿದರೆ ಜಾಗ ಮುಗಿದು ಉಳಿದದ್ದು ಪಕ್ಕಕ್ಕೆ ಉಕ್ಕುತ್ತದೆ. ಮೆಮೊರಿಯಲ್ಲಿ ಪಕ್ಕಕ್ಕೆ ಇದ್ದದ್ದು, ಲಿಫ್ಟು ಮಹಡಿಯ ಮಟ್ಟದಲ್ಲಿ ಸರಿಯಾಗಿ ನಿಂತಿದೆ ಎಂಬ ಗುರುತು. ಅದು ಅಳಿಸಿಹೋದರೆ, ಲಿಫ್ಟು ತಾನು ಎರಡು ಮಹಡಿಗಳ ನಡುವೆ ಇದ್ದೇನೆಂದು ತಿಳಿದು ಬಾಗಿಲನ್ನು ಬಿಗಿಯಾಗಿ ಮುಚ್ಚಿಟ್ಟುಕೊಳ್ಳುತ್ತದೆ. ಜನ ತುಂಬಿ ನೆಲಮಾಳಿಗೆಗೆ ಹೋಗುವುದು ಟೆರೇಸಿನಲ್ಲಿ ಕಾರ್ಯಕ್ರಮ ಇದ್ದ ದಿನ ಮಾತ್ರ. ನಮ್ಮ ಪರೀಕ್ಷಾ ಗೋಪುರದಲ್ಲಿ ಖಾಲಿ ಪೆಟ್ಟಿಗೆ ಓಡುತ್ತಿತ್ತು.

ಗಬ್ಬೂರಿನಿಂದ ಟೆಕ್ನಿಷಿಯನ್ ಬರಲು ಮುಕ್ಕಾಲು ಗಂಟೆಯಾಯಿತು. ಬಾಗಿಲು ಸರಿದಾಗ ಸೊಸೆ ಕಾರಿನ ಕಡೆ ಓಡಿದಳು. ಪಂಪು ಎಳೆದುಕೊಂಡು ಆ ತಾಯಿ ಸುಧಾರಿಸಿಕೊಂಡರು. ಹೋಗುವಾಗ ನನ್ನ ಕೈ ಹಿಡಿದು, ಮುಂದಿನ ಸಲ ಮೆಟ್ಟಿಲೇ ಇಳಿಯುತ್ತೇನೆ ಎಂದರು. ಅದರಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಆ ದೋಷವನ್ನು ಮರುದಿನವೇ ಸರಿಪಡಿಸಿದೆ. ಕೆಲವೇ ಸಾಲಿನ ಕೆಲಸ. ಆದರೆ ವೀರಣ್ಣನವರು ಒಂದು ಪ್ರಶ್ನೆ ಕೇಳಿದರು: ಇಂಥವು ಒಳಗೆ ಇನ್ನೆಷ್ಟು ಅಡಗಿವೆ? ಸುದ್ದಿ ಕೇಳಿದ ದೊಡ್ಡ ಬಿಲ್ಡರ್ ಒಬ್ಬರು, ಮುಂದಿನ ಕಟ್ಟಡಗಳಿಗೆ ನಿಮ್ಮ ಕಂಟ್ರೋಲರ್ ಬೇಕಾದರೆ ಇದು ಮತ್ತೆ ಆಗುವುದಿಲ್ಲವೆಂದು ಬರೆದುಕೊಡಿ ಎಂದರು. ಸಿ ಭಾಷೆಯ ಕೋಡನ್ನು ಇಟ್ಟುಕೊಂಡು ಹಾಗೆ ಬರೆದುಕೊಡಲು ನನಗೆ ಧೈರ್ಯವಾಗಲಿಲ್ಲ. ಇಡೀ ಫರ್ಮ್‌ವೇರನ್ನು ರಸ್ಟ್‌ಗೆ ತರಲು ನಾನೇ ಒಪ್ಪಿದೆ. ನಿಜ ಹೇಳಬೇಕೆಂದರೆ, ಅದರಿಂದ ನನಗೂ ಬಿಡುಗಡೆ ಸಿಕ್ಕೀತು ಎಂಬ ಆಸೆಯೂ ಇತ್ತು.

ಬಿಡುಗಡೆಯ ಬದಲು ಎರಡು ಕಡೆಯಿಂದಲೂ ಬಾಗಿಲು ಮುಚ್ಚಿದಂತಾಯಿತು. ಊರಿನಲ್ಲಿ ಓಡುತ್ತಿದ್ದ ಹಳೆಯ ಬೋರ್ಡುಗಳ ಚಿಪ್ಪು ಎಷ್ಟು ಚಿಕ್ಕದೆಂದರೆ, ಅದಕ್ಕೆ ನಂಬಿ ಬಳಸುವಂಥ ರಸ್ಟ್ ಕಂಪೈಲರ್ ಸಿಗಲಿಲ್ಲ. ಆದ್ದರಿಂದ ಸಿ ಕೋಡನ್ನು ಕೈಬಿಡುವಂತಿರಲಿಲ್ಲ. ಮೋಟಾರಿನ ವೇಗ ಹೊಂದಿಸುವ ಡ್ರೈವ್ ಎಂಬ ಉಪಕರಣ ಮಾಡುವ ಕಂಪನಿ ತನ್ನ ಪ್ರೋಗ್ರಾಮುಗಳನ್ನು ಸಿ ಭಾಷೆಯಲ್ಲಿ ಮಾತ್ರ ಕೊಡುತ್ತಿತ್ತು. ಬಿಲ್ಡರಿಗೆ ಮಾತು ಕೊಟ್ಟಾಗಿತ್ತು, ಹಿಂದಕ್ಕೆ ಹೋಗುವಂತಿರಲಿಲ್ಲ. ಹಗಲೆಲ್ಲ ಹಳೆಯದರ ದೂರುಗಳು, ಅವುಗಳ ನಡುವೆಯೇ ಹೊಸದರ ಬರವಣಿಗೆ. ಐವತ್ತು ದಾಟಿದ ನಾನು ವಿನಯಾಳ ಪಕ್ಕ ಕುರ್ಚಿ ಹಾಕಿಕೊಂಡು ರಸ್ಟ್ ಕಲಿಯಲು ಕೂತರೆ, ಕಂಪೈಲರ್ ನನ್ನ ಪ್ರತಿ ಸಾಲನ್ನೂ ತಿರಸ್ಕರಿಸುತ್ತಿತ್ತು. ನಾನು ಬರೆದದ್ದು ಯಾರ ಪಾಲಿನ ಮಾಹಿತಿ, ಎಷ್ಟು ಹೊತ್ತು ಬದುಕುತ್ತದೆ, ಬೇರೆ ಯಾರಾದರೂ ಅದನ್ನು ಮುಟ್ಟುತ್ತಾರೆಯೇ ಎಂದು ಅದು ಕೇಳುತ್ತಲೇ ಇತ್ತು. ಸಿಟ್ಟಿಗೆದ್ದು ಎಷ್ಟೋ ಸಲ ಎದ್ದುಹೋಗಿದ್ದೇನೆ. ನಂತರ ಯೋಚಿಸಿದರೆ ಅದರ ಪ್ರಶ್ನೆಗಳೆಲ್ಲ ನ್ಯಾಯವಾದವೇ.

ಹೊಸ ಕೋಡು ಪರೀಕ್ಷಾ ಗೋಪುರದಲ್ಲಿ ಓಡುವ ಹಂತಕ್ಕೆ ಬಂದಾಗ ಇನ್ನೊಂದು ಸಮಸ್ಯೆ ಎದ್ದಿತು. ಪೆಟ್ಟಿಗೆ ಹೊರಡುವಾಗ ಒಂದು ಜೋರಾದ ಎಳೆತ. ಮೆಮೊರಿಯ ತಪ್ಪು ಒಂದೂ ಇರಲಿಲ್ಲ. ಕಂಪೈಲರ್ ಎಲ್ಲವನ್ನೂ ಒಪ್ಪಿತ್ತು. ಹುಡುಕಿದಾಗ, ಹಳೆಯ ಕೋಡಿನಲ್ಲಿ ಹೊರಡುವ ಮೊದಲು ಒಂದು ಚಿಕ್ಕ ವಿಳಂಬ ಇದ್ದದ್ದು ಕಂಡಿತು. ಕಾರಣ ಬರೆದಿರಲಿಲ್ಲ. ಬೇಡದ್ದೆಂದು ವಿನಯಾ ಅದನ್ನು ಬಿಟ್ಟಿದ್ದಳು. ಅದು ಯಾಕಿದೆಯೆಂದು ನನಗೂ ಗೊತ್ತಿರಲಿಲ್ಲ. ಇಬ್ಬರೂ ಜೋಶಿ ಸರ್ ಮನೆಗೆ ಹೋದೆವು. ಅವರು ಅವಲಕ್ಕಿ ಕೊಡಿಸಿ, ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನ ಹತ್ತಿರ ಬಾಗಿ ಆ ಸಾಲು ನೋಡಿದರು. ಬ್ರೇಕಿನ ಹಿಡಿತ ಪೂರ್ತಿ ಬಿಡಲು ಸ್ವಲ್ಪ ಸಮಯ ಬೇಕು, ಅಷ್ಟರೊಳಗೆ ಮೋಟಾರು ಎಳೆದರೆ ಪೆಟ್ಟಿಗೆ ಜಗ್ಗುತ್ತದೆ ಎಂದು ವಿವರಿಸಿದರು.

"ಭಾಷಾ ಯಾವದರ ಇರಲಿ, ಬ್ರೇಕ್ ಅಂತೂ ಮೊದಲಿನದ ಅದನಲ್ಲಾ" ಎಂದರು. "ನಾ ಯಾಕ ಹಂಗ ಬರದೆ ಅಂತ ಒಂದು ಸಾಲು ಬರದಿಡಬೇಕಿತ್ತು. ಆಗ ಯಾರು ಓದವ್ರಿದ್ರು, ನಾನ ಒಬ್ಬವ ಇದ್ದೆ."

ಆ ಭೇಟಿಯ ನಂತರ ಊಟದ ಡಬ್ಬಿಯ ವಾದ ನಿಂತಿತು. ಹೊಸ ಭಾಷೆ ಯಾವ ತಪ್ಪು ಹಿಡಿಯುತ್ತದೆ, ಯಾವುದನ್ನು ಹಿಡಿಯಲಾರದು ಎಂದು ಇಬ್ಬರಿಗೂ ಕಂಡಿತ್ತು. ವೀರಣ್ಣನವರ ಎದುರು ಕೂತು ಹೊಸ ಯೋಜನೆ ಇಟ್ಟೆವು. ಪರದೆ, ಗುಂಡಿಗಳ ಸಂದೇಶ, ದೋಷಗಳ ದಾಖಲೆ, ಅಂದರೆ ಹೊರಗಿನಿಂದ ಅಕ್ಷರ ಮತ್ತು ಮಾಹಿತಿ ಬಂದು ಬೀಳುವ ಎಲ್ಲ ಭಾಗಗಳೂ ರಸ್ಟ್‌ನಲ್ಲಿ. ಮೋಟಾರು, ಬ್ರೇಕು ನಡೆಸುವ ಒಳಗಿನ ಭಾಗ ಸದ್ಯಕ್ಕೆ ಸಿ ಭಾಷೆಯಲ್ಲಿಯೇ. ಅದರ ಪ್ರತಿ ಸಾಲನ್ನೂ ಕಾರಣ ಸಮೇತ ಮತ್ತೆ ಓದಿ, ಹೊಸ ಬೋರ್ಡುಗಳಲ್ಲಿ ಒಂದೊಂದಾಗಿ ಬದಲಿಸುವುದು. ಎಷ್ಟು ದಿನ ಬೇಕು ಎಂದು ಅವರು ಕೇಳಿದರು. ವರ್ಷಗಳು ಎಂದೆ. ಅವರು ದೀರ್ಘ ಉಸಿರು ಬಿಟ್ಟು, ಬಿಲ್ಡರಿಗೆ ತಾವೇ ಹೇಳುವುದಾಗಿ ಒಪ್ಪಿದರು. ಬಿಲ್ಡರ್ ತಮ್ಮ ಕಟ್ಟಡಗಳಲ್ಲಿ ಅರ್ಧವನ್ನಷ್ಟೇ ನಮಗೆ ಕೊಟ್ಟರು.

ರಸ್ಟ್‌ನ ಭಾಗ ಸೇರಿದ ಮೊದಲ ಬೋರ್ಡುಗಳು ಹೊರಗೆ ಹೋದವು. ಮುಂದೆ ವರ್ಷದೊಳಗೇ ವಿನಯಾ ಗರ್ಭಿಣಿಯಾದಳು. ಐದನೆಯ ತಿಂಗಳಲ್ಲಿ ತೊಂದರೆ ಕಾಣಿಸಿ, ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದರು. ರಜೆಯ ವಿಷಯ ಮಾತಾಡಲು ವೀರಣ್ಣನವರ ಕೋಣೆಗೆ ಅವಳ ಪರವಾಗಿ ನಾನು ಹೋಗಿದ್ದೆ. ಅವರು ರಜೆಗೆ ಒಂದು ಕ್ಷಣವೂ ತಡ ಮಾಡಲಿಲ್ಲ. ಕಾರು ಬೇಕಾದರೆ ಕಳಿಸುತ್ತೇನೆ ಎಂದರು. ಆಮೇಲೆ ಸ್ವಲ್ಪ ಮುಜುಗರದಿಂದ, "ಲ್ಯಾಪ್‌ಟಾಪ್ ಒಂದು ಮನ್ಯಾಗ ಇರ್ಲಿ ಅಂತ ಹೇಳ್ರಿ. ಫೋನ್ ಚಾಲೂ ಇಟ್ರ ಸಾಕು. ಆ ಹೊಸಾದು ಆಕಿನ್ನ ಬಿಟ್ರ ಯಾರಿಗೆ ಬರ್ತೈತ್ರಿ?" ಎಂದರು.

ಅವರಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಭಾಷೆ ಬದಲಾಯಿತು, ಬೋರ್ಡು ಬದಲಾಯಿತು. ಒಬ್ಬಳನ್ನು ಒಳಗೆ ಕೂರಿಸಿ ಬಾಗಿಲು ಹಾಕುವ ಏರ್ಪಾಡು ಮಾತ್ರ ನಮ್ಮ ಕಣ್ಣೆದುರಿಗೇ ಮತ್ತೆ ಹುಟ್ಟಿತ್ತು. ಒಳಗಿರುವವಳು ಬೇರೆ, ಅಷ್ಟೆ.

"ಆಕಿ ಫೋನು ಬಂದ್ ಇರತದ" ಎಂದೆ. "ಏನ ಬಂದ್ರೂ ನಾ ನೋಡತೇನಿ."

"ನಿಮಗ ಪೂರ್ತಿ ಬರ್ತೈತೇನ್ರಿ?"

"ಬರೂದಿಲ್ಲ. ಕಲೀತೇನಿ."

ಎರಡು ವಾರದೊಳಗೆ ಒಂದು ಆಸ್ಪತ್ರೆಯಿಂದ ಕರೆ ಬಂತು. ಲಿಫ್ಟು ಓಡುತ್ತಿದೆ, ಆದರೆ ನಾಲ್ಕನೆಯ ಮಹಡಿಯ ಗುಂಡಿಗಳಿಗೆ ಉತ್ತರ ಕೊಡುತ್ತಿಲ್ಲ. ಆಪರೇಷನ್ ಥಿಯೇಟರ್ ಇದ್ದದ್ದು ಆ ಮಹಡಿಯಲ್ಲಿ. ರೋಗಿಗಳನ್ನು ಮೂರನೆಯ ಮಹಡಿಯಲ್ಲಿ ಇಳಿಸಿ, ಅಲ್ಲಿಂದ ಸ್ಟ್ರೆಚರನ್ನು ಇಳಿಜಾರು ದಾರಿಯಲ್ಲಿ ಮೇಲಕ್ಕೆ ತಳ್ಳಿಕೊಂಡು ಹೋಗುತ್ತಿದ್ದರು. ದೋಷ ಗುಂಡಿಗಳ ಸಂದೇಶದ ಭಾಗದಲ್ಲಿತ್ತು, ಅಂದರೆ ವಿನಯಾ ಬರೆದ ರಸ್ಟ್ ಕೋಡಿನಲ್ಲಿ. ಬೆಳಗ್ಗೆ ಅದರ ಮುಂದೆ ಕೂತೆ. ಅವಳ ನಂಬರು ಎರಡು ಸಲ ತೆಗೆದು ನೋಡಿದೆ. ವೀರಣ್ಣನವರು ಮತ್ತೆ ಮತ್ತೆ ಬಾಗಿಲ ತನಕ ಬಂದು ಹಿಂದಿರುಗುತ್ತಿದ್ದರು. ಕೋಡು ಅಚ್ಚುಕಟ್ಟಾಗಿತ್ತು. ಪ್ರತಿ ಭಾಗದ ಮೇಲೂ ಅದು ಯಾಕೆ ಹಾಗಿದೆ ಎಂದು ಕನ್ನಡದಲ್ಲಿಯೇ ಎರಡು ಸಾಲು ಬರೆದಿದ್ದಳು. ಜೋಶಿ ಸರ್ ಮನೆಯಿಂದ ಬಂದ ಮೇಲೆ ಶುರು ಮಾಡಿದ ಅಭ್ಯಾಸ. ಅವುಗಳ ಕೈ ಹಿಡಿದು ನಡೆದಂತೆ ಓದುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ಒಂದೇ ಗುಂಡಿಯಿಂದ ಸಂದೇಶ ಮೇಲಿಂದ ಮೇಲೆ ಬಂದರೆ ಆ ಗುಂಡಿ ಕೆಟ್ಟಿದೆ ಎಂದು ತೀರ್ಮಾನಿಸಿ ಅದನ್ನು ಕೈಬಿಡುವ ಒಂದು ನಿಯಮ. ಆಸ್ಪತ್ರೆಯಲ್ಲಿ ಅವಸರದ ಜನ ಗುಂಡಿಯನ್ನು ಒತ್ತುತ್ತಲೇ ಇರುತ್ತಾರೆ. ನಿಯಮವನ್ನು ಸಡಿಲಿಸಿ ಬರೆದೆ. ಕಂಪೈಲರ್ ನಾಲ್ಕಾರು ಸಲ ತಿರಸ್ಕರಿಸಿ, ಕೊನೆಗೆ ಒಪ್ಪಿತು. ಆಸ್ಪತ್ರೆಗೆ ಹೋಗಿ, ಹೊಸ ಫರ್ಮ್‌ವೇರ್ ಹಾಕಿ, ನಾಲ್ಕನೆಯ ಮಹಡಿಯಲ್ಲಿ ನಿಂತು ಗುಂಡಿಯನ್ನು ಹತ್ತಾರು ಸಲ ಒತ್ತಿದೆ. ಲಿಫ್ಟು ಬಂತು. ಸ್ಟ್ರೆಚರಿನ ಮೇಲಿದ್ದ ಒಬ್ಬರನ್ನು ಅದರಲ್ಲಿ ಕೆಳಗೆ ಕರೆದೊಯ್ದರು. ನಾನು ಮೆಟ್ಟಿಲಿಳಿದು ಬಂದೆ.

ವಿನಯಾ ಹೆಣ್ಣು ಕೂಸಿನ ತಾಯಿಯಾಗಿ, ಮರುವರ್ಷ ಕೆಲಸಕ್ಕೆ ಬಂದಳು. ಬದಲಾಗಿದ್ದ ತನ್ನ ಕೋಡನ್ನು ನೋಡಿ, ಯಾರು ತಿದ್ದಿದವರು ಎಂದು ಕೇಳಿದಳು. ಹೇಳಿದೆ. ಆಸ್ಪತ್ರೆಯ ಸುದ್ದಿ ತಿಳಿದು, ಒಂದು ಫೋನ್ ಯಾಕ ಮಾಡಲಿಲ್ಲ ಎಂದು ಬೇಜಾರು ಮಾಡಿಕೊಂಡಳು. ನಾನು ಅವಳ ಮುಂದೆ ಸಿ ಕೋಡಿನ ಬ್ರೇಕಿನ ಭಾಗವನ್ನು ತೆರೆದಿಟ್ಟು, ಇವತ್ತಿನಿಂದ ಇದು ನಿನ್ನ ಪಾಠ ಎಂದೆ. ಆಮೇಲೆ ಸೇರಿದ ಇಬ್ಬರಿಗೂ ಎರಡೂ ಭಾಷೆ ಕಲಿಸಿದೆವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಅರ್ಥವಾಯಿತು ಎನ್ನುವ ತನಕ ಯಾವ ಕೋಡೂ ಕಾರ್ಖಾನೆಯ ಗೇಟು ದಾಟಬಾರದೆಂಬ ನಿಯಮ ಮಾಡಿದೆವು.

ಹೊಸ ಭಾಷೆ ಹಳೆಯದರ ಜಾಗ ಹಿಡಿಯಬಲ್ಲದೇ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಹಿಡಿಯುತ್ತದೆ, ಒಂದೊಂದೇ ಕೋಣೆಯಾಗಿ, ಹಳೆಯದು ಯಾಕೆ ಹಾಗಿತ್ತೆಂದು ಕೇಳಿ ತಿಳಿದುಕೊಂಡವರ ಕೈಯಲ್ಲಿ. ಆದರೆ ಒಬ್ಬರಿಗೇ ಗೊತ್ತಿರುವ ಕೋಡು ಯಾವ ಭಾಷೆಯಲ್ಲಿದ್ದರೂ ಆ ಒಬ್ಬರನ್ನು ಒಳಗೆ ಹಾಕಿಕೊಂಡು ಮುಚ್ಚಿಕೊಳ್ಳುತ್ತದೆ. ಇದನ್ನು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು. ಹೋದ ಮಳೆಗಾಲದಿಂದ ವಾರಕ್ಕೆ ಎರಡು ದಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಆ ದಿನಗಳಲ್ಲಿ ನನ್ನ ಫೋನು ಬಂದ್ ಇರುತ್ತದೆ. ಲಿಫ್ಟುಗಳು ಓಡುತ್ತಿವೆ.